ನಾಡಿಗೊಪ್ಪುವ ಇಂಜಿನ್

ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನಿನ ಇಂಜಿನ್ ಕೆಟ್ಟು ಕೂತಿತೆಂದರೆ, ಅಮೆರಿಕದಲ್ಲಾಗಲಿ ಜರ್ಮನಿಯಲ್ಲಾಗಲಿ, ಅದರ ಮಾಲೀಕನಿಗೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬ ಸುಬಾರು ಕಾರಿನ ಇಂಜಿನ್ ಹಾಕಿಸು ಎನ್ನುತ್ತಾನೆ, ಇನ್ನೊಬ್ಬ ಡೀಸೆಲ್ ಎನ್ನುತ್ತಾನೆ, ಮತ್ತೊಬ್ಬ ಕಂಪನಿಯ ಇಂಜಿನ್ನನ್ನೇ ಬಿಚ್ಚಿ ಹೊಸದಾಗಿ ಕಟ್ಟಿಸು ಎಂದು ಹಟ ಹಿಡಿಯುತ್ತಾನೆ. ಮೂವರೂ ಮಾತು ಶುರುಮಾಡುವುದು ಅಶ್ವಶಕ್ತಿಯ ಲೆಕ್ಕದಿಂದ. ಆ ಲೆಕ್ಕವೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಬದಲಿ ಇಂಜಿನ್ ಆರಿಸುವವರು ಮೊದಲು ನೋಡಬೇಕಾದದ್ದು ಆ ಗಾಡಿ ತಿರುಗುವ ನಾಡನ್ನು. ಗಾಡಿಯನ್ನು ಆಮೇಲೆ ನೋಡಿದರಾಯಿತು, ಇಂಜಿನ್ನಿನ ಬಲವನ್ನು ಎಲ್ಲಕ್ಕಿಂತ ಕೊನೆಗೆ.

ನಾನು ಹೇಳುತ್ತಿರುವುದು 1979ರಲ್ಲಿ ಮಾರುಕಟ್ಟೆಗೆ ಬಂದ ಮೂರನೇ ತಲೆಮಾರಿನ ವ್ಯಾನಿನ ವಿಷಯ. ಯುರೋಪಿನಲ್ಲಿ ಅದು ಟಿ3, ಅಮೆರಿಕದಲ್ಲಿ ವ್ಯಾನಗನ್. ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಸಂಸ್ಥೆ ಇದರೊಳಗೆ ಒಂದು ಪುಟ್ಟ ಸಂಸಾರವನ್ನೇ ಹೂಡಿಕೊಟ್ಟಿತ್ತು. ಎತ್ತಿದರೆ ನಿಂತು ಓಡಾಡಲು ಬರುವ ಚಾವಣಿ, ಬಿಡಿಸಿದರೆ ಹಾಸಿಗೆಯಾಗುವ ಸೀಟು, ಗ್ಯಾಸ್ ಒಲೆ, ಕೈತೊಳೆಯುವ ಸಿಂಕು, ಸಣ್ಣದೊಂದು ಫ್ರಿಜ್. ಅಮೆರಿಕಕ್ಕೆ ಬಂದದ್ದರಲ್ಲಿ 1991ರ ಮಾದರಿಯೇ ಕೊನೆಯದು. ಆದರೂ ಈ ಗಾಡಿಗಳಿಗೆ ಇವತ್ತಿಗೂ ಬೇಡಿಕೆಯಿದೆ. ಸುಸ್ಥಿತಿಯಲ್ಲಿರುವುದೊಂದು ಹೊಸ ಕಾರಿನ ಬೆಲೆಗೆ ಹೋಗುತ್ತದೆ. ಜನ ದುಡ್ಡು ಸುರಿಯುವುದು ಆ ಮನೆಗೆ. ಇಂಜಿನ್ ಮನೆಯನ್ನು ಹೊತ್ತು ತಿರುಗಿದರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಯಾರೂ ಬಯಸಿರಲಿಲ್ಲ. ಅಷ್ಟನ್ನೂ ಅದು ಸರಿಯಾಗಿ ಮಾಡದೆ ಹೋದದ್ದರಿಂದ ಈ ಚರ್ಚೆಯೆಲ್ಲ ಹುಟ್ಟಿದೆ.

ಮೊದಮೊದಲು ಇದಕ್ಕೆ ಹಾಕುತ್ತಿದ್ದದ್ದು ಬೀಟಲ್ ಕಾರಿನ ಕಾಲದಿಂದ ನಡೆದುಬಂದ, ಗಾಳಿಯಿಂದ ತಣಿಯುವ ಇಂಜಿನ್. ಎರಡು ಲೀಟರಿನದರಿಂದಲೂ ಸುಮಾರು 70 ಅಶ್ವಶಕ್ತಿಯಷ್ಟೇ ಸಿಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಕಂಪನಿ ಅದೇ ಮೈಕಟ್ಟನ್ನು ಉಳಿಸಿಕೊಂಡು ಸಿಲಿಂಡರುಗಳ ಸುತ್ತ ನೀರು ಹರಿಸಿತು. ಹೀಗೆ ಹುಟ್ಟಿದ್ದು ವಾಸರ್‌ಬಾಕ್ಸರ್: ಮೊದಲು 1.9 ಲೀಟರ್, ಆಮೇಲೆ 2.1. ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಅಡ್ಡ ಮಲಗಿರುವುದರಿಂದ ಇಂಜಿನ್ ಗಿಡ್ಡ. ಅದನ್ನು ಹಿಂಬದಿಯಲ್ಲಿ ಅಡಗಿಸಿ ಮೇಲೆ ಹಾಸಿಗೆ ಹಾಸಬಹುದು. ಈ ಗಾಡಿಗೆ ಸಿಕ್ಕ ಇಂಜಿನ್ನನ್ನೆಲ್ಲ ಕೂರಿಸಲಾಗದು ಎಂಬುದಕ್ಕೆ ಮೊದಲ ಕಾರಣವೂ ಇದೇ. ಎತ್ತರದ ಇಂಜಿನ್ ತಂದರೆ ಮಲಗುವ ಜಾಗಕ್ಕೇ ಸಂಚಕಾರ.

ವಾಸರ್‌ಬಾಕ್ಸರಿಗೆ ಅಂಟಿದ ಕೆಟ್ಟ ಹೆಸರು ಹೆಡ್ ಗ್ಯಾಸ್ಕೆಟ್ ಸೋರಿಕೆಯದು. ಸಾಮಾನ್ಯ ಇಂಜಿನ್‌ಗಳಲ್ಲಿ ಒಂದೇ ಗ್ಯಾಸ್ಕೆಟ್ ಬೆಂಕಿಯನ್ನೂ ನೀರನ್ನೂ ತಡೆಹಿಡಿಯುತ್ತದೆ. ಇದರಲ್ಲಿ ಎರಡಕ್ಕೂ ಬೇರೆಬೇರೆ ವ್ಯವಸ್ಥೆಯಿದೆ. ಸಿಲಿಂಡರಿನ ಬಾಯಿಗೆ ಲೋಹದ ಉಂಗುರ, ನೀರಿನ ಕೋಶದ ಅಂಚಿಗೆ ರಬ್ಬರಿನ ಪಟ್ಟಿ. ಕೂಲೆಂಟ್ ಹಳತಾಗಿ ತನ್ನ ರಕ್ಷಕ ಗುಣ ಕಳೆದುಕೊಂಡಾಗ, ಅಥವಾ ಫಾಸ್ಫೇಟ್ ಇರುವ ಕೂಲೆಂಟ್ ಹಾಕಿದಾಗ, ರಬ್ಬರು ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಹೆಡ್ ಸವೆದು ಗುಳಿ ಬೀಳುತ್ತದೆ. ಅಲ್ಲಿಂದ ಕೂಲೆಂಟ್ ತೊಟ್ಟಿಕ್ಕತೊಡಗುತ್ತದೆ, ಅದೂ ಹೆಚ್ಚಾಗಿ ಹೊರಕ್ಕೆ. ಸಿಲಿಂಡರಿನ ಒಳಗೆ ನೀರು ನುಗ್ಗಿ ಎಲ್ಲ ಮುಗಿಯಿತು ಎನ್ನುವಂಥ ಸಾವು ಇದಲ್ಲ. ಹೆಡ್ ಇಳಿಸಿ, ಗುಳಿ ಬಿದ್ದದ್ದನ್ನು ಸರಿಪಡಿಸಿ ಇಲ್ಲವೇ ಹೊಸ ಹೆಡ್ ತಂದು ಕೂರಿಸಿ, ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸುತ್ತ ಬಂದರೆ ಅದೇ ಇಂಜಿನ್ ಇನ್ನೂ ಬಹಳ ದೂರ ಓಡುತ್ತದೆ. ಆದರೆ ಮೂವತ್ತು ನಲವತ್ತು ವರ್ಷಗಳಲ್ಲಿ ಐದಾರು ಕೈ ಬದಲಾದ ಗಾಡಿಯಲ್ಲಿ ಕೂಲೆಂಟಿನ ಲೆಕ್ಕ ಇಟ್ಟವರು ಯಾರು? ಮಾಲೀಕರ ಉದಾಸೀನಕ್ಕೆ ಇಂಜಿನ್ ಅಪಕೀರ್ತಿ ಹೊತ್ತಿತು. ವಿನ್ಯಾಸದ ತಪ್ಪೂ ಇದೆ, ಇಲ್ಲವೆನ್ನಲಾರೆ. ಇಷ್ಟೊಂದು ಆರೈಕೆ ಬೇಡುವ ಇಂಜಿನ್ನನ್ನು ಪ್ರವಾಸದ ಗಾಡಿಗೆ ಹಾಕಿದ್ದೇ ತಪ್ಪು. ಆದರೂ ಸೋರಿಕೆ ಕಂಡ ತಕ್ಷಣ ಇಂಜಿನ್ನನ್ನೇ ಇಳಿಸಲು ಹೊರಡುವುದು ಆತುರದ ನಿರ್ಧಾರ.

ಬಲದ ವಾದದಲ್ಲಿ ಹುರುಳಿಲ್ಲವೇ? ಇದೆ. ಅಮೆರಿಕದ 2.1 ಲೀಟರ್ ಮಾದರಿಗಿದ್ದದ್ದು ಹೆಚ್ಚೆಂದರೆ 95 ಅಶ್ವಶಕ್ತಿ. ಪಾತ್ರೆಪಗಡ, ನೀರು, ಸಂಸಾರ ಎಲ್ಲ ಸೇರಿದರೆ ಗಾಡಿಯ ತೂಕ ಎರಡು ಟನ್ ದಾಟುತ್ತದೆ. ಕೊಲೊರಾಡೊದ ಐಸೆನ್‌ಹೋವರ್ ಸುರಂಗದ ಹೆದ್ದಾರಿ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರಕ್ಕೇರುತ್ತದೆ. ಆ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಇಂಜಿನ್ ತನ್ನ ಬಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಉಳಿದ ಅರುವತ್ತು ಚಿಲ್ಲರೆ ಅಶ್ವಶಕ್ತಿಯಲ್ಲಿ ಎರಡು ಟನ್ ಮನೆಯನ್ನು ಎಳೆಯುತ್ತ, ಹಿಂದೆ ಬರುವ ಲಾರಿಗಳ ಹಾರ್ನ್ ಕೇಳಿಸಿಕೊಳ್ಳುವುದು ಸುಖದ ಸಂಗತಿಯಲ್ಲ, ಸುರಕ್ಷಿತವೂ ಅಲ್ಲ.

ಆದರೆ ಬಲ ಒಂಟಿಯಾಗಿ ಬರುವುದಿಲ್ಲ. ಹೆಚ್ಚಿದ ಬಲವನ್ನೆಲ್ಲ ಚಕ್ರಕ್ಕೆ ಮುಟ್ಟಿಸಬೇಕಾದ್ದು ನೂರು ಅಶ್ವಶಕ್ತಿಯ ಆಸುಪಾಸಿಗೆಂದು ಮಾಡಿದ ಹಳೆಯ ಗೇರ್‌ಬಾಕ್ಸ್. 130 ಅಶ್ವಶಕ್ತಿಯನ್ನು ಅದು ಸ್ವಲ್ಪಕಾಲ ಸಹಿಸಿಕೊಳ್ಳುತ್ತದೆ; ಆಮೇಲೆ ಅದನ್ನು ಬಿಚ್ಚಿ ಕಟ್ಟಿಸುವ ಖರ್ಚು ಇಂಜಿನ್ನಿನ ಖರ್ಚಿಗೆ ಸಮನಾಗಿ ನಿಲ್ಲುತ್ತದೆ. ಹಿಂದಿನ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಏರಿನಲ್ಲಿ ಬೇಗ ಹತ್ತಿದ ಗಾಡಿ ಇಳಿಜಾರಿನಲ್ಲೂ ಬೇಗ ಇಳಿಯಬೇಕೆನ್ನುತ್ತದೆ, ಹಾಗಾಗಿ ಬ್ರೇಕಿನ ಕಡೆಗೂ ನೋಡಬೇಕಾಗುತ್ತದೆ. ಇನ್ನು ನೀರಿನ ಕೊಳವೆಗಳು. ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಗಾಡಿಯ ಹೊಟ್ಟೆಯಡಿ ಉದ್ದಕ್ಕೂ ಕೊಳವೆಗಳು ಹಾಯ್ದಿವೆ. ಒಟ್ಟು ಹದಿನಾರು ಹದಿನೇಳು ಲೀಟರ್ ಕೂಲೆಂಟ್ ಹಿಡಿಯುವ ವ್ಯವಸ್ಥೆ ಅದು. ಹಲವು ಗಾಡಿಗಳಲ್ಲಿ ಆ ಕೊಳವೆಗಳು ಪ್ಲಾಸ್ಟಿಕ್ಕಿನವು. ತುದಿಯಲ್ಲಿ ಕೂರಿಸಿದ ಲೋಹದ ಬಳೆ ಕಾಲಕ್ರಮೇಣ ಸಡಿಲಗೊಂಡು ಒಂದು ದಿನ ಕಳಚಿಕೊಳ್ಳುತ್ತದೆ. ಹೊಸ ಇಂಜಿನ್ ಕೂರಿಸಿ ಹಳೆಯ ಕೊಳವೆಯನ್ನು ಹಾಗೆಯೇ ಬಿಟ್ಟವನು ದಾರಿಯಲ್ಲಿ ನಿಂತಾಗ ಬೈಯುವುದು ಹೊಸ ಇಂಜಿನ್ನನ್ನೇ!

ಡೀಸೆಲ್ ಪ್ರಿಯರ ಲೆಕ್ಕದಲ್ಲೂ ಇಂಥದೇ ಒಂದು ತೊಡಕಿದೆ. ಫೋಕ್ಸ್‌ವ್ಯಾಗನ್ನಿನ 1.9 ಟಿಡಿಐ ಇಂಜಿನ್ ಮಿತವಾಗಿ ಕುಡಿಯುತ್ತದೆ, ಕೆಳಗಿನ ವೇಗದಲ್ಲೇ ಬಲವಾಗಿ ಎಳೆಯುತ್ತದೆ. ಆದರೆ ಪೆಟ್ರೋಲ್ ವ್ಯಾನಿನ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಇಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತಿರುತ್ತದೆ. ಡೀಸೆಲ್ಲಿಗೆ ಇದು ದಿನವಿಡೀ ಓಡಿಕೊಂಡಿರುವಂಥ ವೇಗವಲ್ಲ. ಆದ್ದರಿಂದ ಗೇರ್ ಅನುಪಾತ ಬದಲಿಸಬೇಕು. ಅದಕ್ಕೆ ಮತ್ತೆ ಗೇರ್‌ಬಾಕ್ಸ್ ಬಿಚ್ಚಬೇಕು. ಡೀಸೆಲ್ಲಿನಲ್ಲಿ ಉಳಿಸಿದ ಕಾಸು ಆ ಖರ್ಚನ್ನು ತುಂಬಿಕೊಡಲು ಎಷ್ಟು ಸಾವಿರ ಮೈಲಿ ಓಡಬೇಕು ಎಂದು ಕೇಳಿದರೆ ಡೀಸೆಲ್ ಪ್ರಿಯರು ಮಾತು ಬದಲಿಸುತ್ತಾರೆ.

ಸುಬಾರು ಕತೆ ಬೇರೆ. 1990ರ ದಶಕದ ಲೆಗಸಿ ಕಾರುಗಳಲ್ಲಿದ್ದ 2.2 ಲೀಟರಿನ ಇಜೆ22 ಇಂಜಿನ್ನೂ ಎದುರುಬದುರು ಮಲಗಿದ ನಾಲ್ಕು ಸಿಲಿಂಡರಿನದೇ. ಅಗಲ, ಎತ್ತರ ವ್ಯಾನಿನ ಹೊಟ್ಟೆಗೆ ಹೊಂದುತ್ತದೆ. ಸುಮಾರು 130 ಅಶ್ವಶಕ್ತಿ. 1996ರವರೆಗಿನ ಮಾದರಿಗಳಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ. ದಾರಿಯಲ್ಲಿ ನಿಲ್ಲಬೇಕಾಗುತ್ತದೆ, ಇಂಜಿನ್ ಮಾತ್ರ ಉಳಿಯುತ್ತದೆ. ಗೇರ್‌ಬಾಕ್ಸಿಗೆ ಜೋಡಿಸಲು ಅಡಾಪ್ಟರ್ ಪ್ಲೇಟು ಬೇಕು, ವೈರಿಂಗನ್ನು ಬೇಡದ್ದೆಲ್ಲ ಕಿತ್ತು ಹಗುರ ಮಾಡಬೇಕು, ನೆಲಕ್ಕೆ ತಾಗದಂತೆ ಆಯಿಲ್ ಚೇಂಬರ್ ಗಿಡ್ಡ ಮಾಡಬೇಕು, ನೀರಿನ ದಾರಿ ತಿರುಗಿಸಬೇಕು. ಇವಕ್ಕೆಲ್ಲ ಸಿದ್ಧ ಭಾಗಗಳೇ ಸಿಗುತ್ತವೆ. ಫೋರ್ಡ್ ಫೋಕಸ್ಸಿನ ಝೆಟೆಕ್ ಇಂಜಿನ್ನಿಗೂ ಹೀಗೆಯೇ ಸಿದ್ಧ ಕಿಟ್ ಬಂದಿದೆ. ಗಾಲ್ಫ್, ಜೆಟ್ಟಾಗಳ ಎರಡು ಲೀಟರ್ ಪೆಟ್ರೋಲ್ ಇಂಜಿನ್ನನ್ನು ಹಳೆಯ ಡೀಸೆಲ್ ವ್ಯಾನಗನ್ನಿನ ಜೋಡಣೆ ಭಾಗಗಳನ್ನೇ ಬಳಸಿ, ಒಂದು ಕಡೆಗೆ ಓರೆಯಾಗಿ ಮಲಗಿಸಿ ಕೂರಿಸುವವರೂ ಇದ್ದಾರೆ.

ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಶುರುವಾದರೆ ರಾತ್ರಿ ಬೆಳಗಾಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಕಂಪನಿಯ ಇಂಜಿನ್ ಇರುವ ಗಾಡಿಗೆ ಪುಸ್ತಕವಿದೆ. ಯಾವ ಊರಿನ ಮೆಕ್ಯಾನಿಕ್ಕಾದರೂ ಅದನ್ನು ತೆರೆದು ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ನೋಡಬಹುದು. ಬೇರೆ ಇಂಜಿನ್ ಕೂರಿಸಿದ ಕ್ಷಣ ಆ ಪುಸ್ತಕ ಅರ್ಧಕ್ಕರ್ಧ ಸುಳ್ಳಾಗುತ್ತದೆ. ಉಳಿದರ್ಧ ಇಂಜಿನ್ ಕೂರಿಸಿದವನ ತಲೆಯಲ್ಲಿರುತ್ತದೆ. ಗಿಡಮೂಲಿಕೆಯ ಹೆಸರು ಬಿಟ್ಟುಕೊಡದ ನಾಟಿವೈದ್ಯನ ಹಾಗೆ ಅವನು ಊರು ಬಿಟ್ಟರೆ, ಕಣ್ಣು ಮುಚ್ಚಿದರೆ, ವಿದ್ಯೆಯೂ ಅವನ ಜೊತೆಗೇ ಹೋಯಿತು. ಕಾಗದದ ಮೇಲೆ ಎಷ್ಟೇ ಸೊಗಸಾದ ಇಂಜಿನ್ನಾದರೂ, ಈ ಗಾಡಿಗೆ ಅದನ್ನು ಹಾಕಿದವರು ಇಬ್ಬರೋ ಮೂವರೋ ಆಗಿದ್ದರೆ ನಾನು ಬೇಡ ಎನ್ನುತ್ತೇನೆ. ಸಾವಿರಾರು ಜನ ಹಾಕಿ, ಕೆಡಿಸಿ, ಸರಿಪಡಿಸಿ, ಎಲ್ಲಿ ಏನು ಕೈಕೊಡುತ್ತದೆಂದು ಬಯಲಾಗಿರುವ ಇಂಜಿನ್ ಎರಡು ಅಶ್ವಶಕ್ತಿ ಕಡಿಮೆಯಿದ್ದರೂ ಮೇಲು. ಅಮೆರಿಕದಲ್ಲಿ ಇಜೆ22 ಗೆದ್ದದ್ದು ಹೀಗೆ. ಆ ಕಾರುಗಳು ಅಲ್ಲಿನ ಮಂಜು ಬೀಳುವ ಊರುಗಳ ತುಂಬ ಓಡಾಡಿಕೊಂಡಿದ್ದವು, ಗುಜರಿಗಳಲ್ಲಿ ಸಾಲುಸಾಲಾಗಿ ಬಿದ್ದಿದ್ದವು, ಬಿಡಿಭಾಗ ಪಕ್ಕದ ಅಂಗಡಿಯಲ್ಲೇ ಸಿಗುತ್ತಿತ್ತು.

ಇದು ಗ್ಯಾರೇಜಿನ ಹವ್ಯಾಸಿಗಳ ಮಾತಷ್ಟೇ ಎಂದುಕೊಳ್ಳುವವರು ಫೋಕ್ಸ್‌ವ್ಯಾಗನ್ ಕಂಪನಿಯೇ ಏನು ಮಾಡಿತೆಂದು ನೋಡಬೇಕು. ಯುರೋಪಿನಲ್ಲಿ ಈ ವ್ಯಾನಿನ ತಯಾರಿಕೆ 1990ರ ದಶಕದ ಆರಂಭಕ್ಕೆ ಮುಗಿದರೂ ದಕ್ಷಿಣ ಆಫ್ರಿಕಾದ ಯುಟೆನ್‌ಹೇಗ್ ಕಾರ್ಖಾನೆಯಲ್ಲಿ 2002ರವರೆಗೆ ನಡೆಯಿತು. ಅಲ್ಲಿ ಕಂಪನಿ ವಾಸರ್‌ಬಾಕ್ಸರನ್ನು ಕೈಬಿಟ್ಟು, ಆ ದೇಶದಲ್ಲೇ ತಯಾರಾಗುತ್ತಿದ್ದ ಆಡಿ ಕಾರುಗಳ ಐದು ಸಿಲಿಂಡರ್ ಇಂಜಿನ್ನನ್ನು ಕೂರಿಸಿತು. ಕೊನೆಕೊನೆಗೆ ಬಂದ 2.6 ಲೀಟರಿನದು 100 ಕಿಲೋವಾಟ್, ಅಂದರೆ 136 ಅಶ್ವಶಕ್ತಿಯದು. ಬ್ರೆಜಿಲಿನಲ್ಲಿ ಇದಕ್ಕಿಂತ ಹಳೆಯ ಎರಡನೇ ತಲೆಮಾರಿನ ವ್ಯಾನ್ ಕೊಂಬಿ ಎಂಬ ಹೆಸರಿನಲ್ಲಿ 2013ರವರೆಗೂ ತಯಾರಾಗುತ್ತಿತ್ತು. ಹೊಗೆಯ ನಿಯಮ ಬಿಗಿಯಾದಾಗ, 2005ರ ಕೊನೆಗೆ, ಗಾಳಿಯಿಂದ ತಣಿಯುವ ಇಂಜಿನ್ನನ್ನು ತೆಗೆದು ಅಲ್ಲಿನ ಸಣ್ಣ ಕಾರುಗಳ ಇಂಜಿನ್ ಕುಟುಂಬಕ್ಕೇ ಸೇರಿದ 1.4 ಲೀಟರ್ ಇಂಜಿನ್ ಹಾಕಿದರು. ಪೆಟ್ರೋಲಿಗೂ ಕಬ್ಬಿನ ಎಥನಾಲಿಗೂ ಅದು ಓಡುತ್ತಿತ್ತು, ಮೂತಿಯ ಮೇಲೆ ರೇಡಿಯೇಟರಿನ ಕಪ್ಪು ಜಾಲರಿ ಬಂತು. ಅಂದ ಕೆಟ್ಟಿತು ಎಂದು ಅಭಿಮಾನಿಗಳು ಮುಖ ಸಿಂಡರಿಸಿರಬಹುದು. ಗಾಡಿ ಮಾತ್ರ ಇನ್ನೂ ಎಂಟು ವರ್ಷ ಕಾರ್ಖಾನೆಯಿಂದ ಹೊರಬೀಳುತ್ತಲೇ ಇತ್ತು.

ಇದೇ ಕಂಪನಿಯ ಹೆಸರಿನೊಡನೆ ಇನ್ನೊಂದು ಪ್ರಯೋಗವೂ ಸೇರಿಕೊಂಡಿದೆ. 1980ರ ದಶಕದಲ್ಲಿ ಪೋರ್ಷೆ ಈ ವ್ಯಾನಿಗೆ ತನ್ನ 911 ಕಾರಿನ 231 ಅಶ್ವಶಕ್ತಿಯ ಇಂಜಿನ್ ಹಾಕಿ ಬಿ32 ಎಂಬ ಹೆಸರಿನಲ್ಲಿ ಬೆರಳೆಣಿಕೆಯಷ್ಟು ಗಾಡಿ ಮಾಡಿತು. ಇವತ್ತು ಅವು ಸಂಗ್ರಾಹಕರ ಕನಸು. ಯಾರಾದರೂ ಅದರಲ್ಲಿ ಸಂಸಾರ ಸಮೇತ ಮರುಭೂಮಿಗೆ ಹೋಗಿ ಬೀಡು ಬಿಡುತ್ತಾರೆಂದು ನನಗನ್ನಿಸುವುದಿಲ್ಲ.

ಈ ತರ್ಕ ನಮ್ಮವರಿಗೆ ಹೊಸದಲ್ಲ. ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಹಳೆಯ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡ ಜೀಪುಗಳು ತಲೆಮಾರುಗಟ್ಟಲೆ ದುಡಿದಿವೆ. ಮಹೀಂದ್ರಾ ಕಂಪನಿಯೇ ತನ್ನ ಜೀಪುಗಳಿಗೆ ಪೂಜೋ ವಿನ್ಯಾಸದ ಡೀಸೆಲ್ ಇಂಜಿನ್ ತಂದಿತು. ಇಂಗ್ಲೆಂಡಿನ ಮೋರಿಸ್ ಕಾರಿನ ಮೈ ಹೊತ್ತಿದ್ದ ಅಂಬಾಸಿಡರಿಗೆ 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಇಂಜಿನ್ ಬಂತು, ಟ್ಯಾಕ್ಸಿಯವರು ಅದನ್ನು ಖುಷಿಯಿಂದ ಓಡಿಸಿದರು. ಸಕಲೇಶಪುರದ ಏರಿನಲ್ಲಿ ಜೀಪು ಕೆಟ್ಟು ನಿಂತರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಬಿಚ್ಚುತ್ತಾರೆ ಎಂಬ ಪ್ರಶ್ನೆಯ ಮುಂದೆ ಮೂಲ ಇಂಜಿನ್ ಯಾವುದಿತ್ತೆಂಬುದನ್ನು ತೋಟದ ಯಜಮಾನ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಾಡನ್ನು ನೋಡಬೇಕು ಎಂದೆನಲ್ಲ, ಅದರಲ್ಲಿ ಗುಜರಿ ಮತ್ತು ಮೆಕ್ಯಾನಿಕ್‌ನ ಜೊತೆಗೆ ಕಾನೂನೂ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬದಲಿ ಇಂಜಿನ್ ಗಾಡಿಯಷ್ಟೇ ಅಥವಾ ಅದಕ್ಕಿಂತ ಈಚಿನ ವರ್ಷದ್ದಾಗಿರಬೇಕು; ಆ ಇಂಜಿನ್ನಿನ ಜೊತೆ ಬಂದಿದ್ದ ಹೊಗೆ ನಿಯಂತ್ರಣ ಸಾಧನಗಳೆಲ್ಲ ಹಾಗೆಯೇ ಇರಬೇಕು. ಸರ್ಕಾರ ಗೊತ್ತುಮಾಡಿದ ತಪಾಸಣೆಗಾರ ಪರೀಕ್ಷಿಸಿ, ಒಪ್ಪಿಗೆಯ ಚೀಟಿ ಅಂಟಿಸಿದ ಮೇಲಷ್ಟೇ ಗಾಡಿ ಕಾನೂನುಬದ್ಧ. ನನಗಿದು ಬುದ್ಧಿವಂತಿಕೆಯ ನಿಯಮ ಎನ್ನಿಸುತ್ತದೆ. ಬದಲಾವಣೆಗೆ ಬಾಗಿಲು ತೆರೆದಿದೆ, ಗಾಳಿ ಕೆಡಿಸುವ ಬದಲಾವಣೆಗೆ ಇಲ್ಲ. ಜರ್ಮನಿಯ ದಾರಿ ಇನ್ನೊಂದು. ಅಲ್ಲಿ ಮೂವತ್ತು ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಗಾಡಿಗೆ ಹೆಚ್ ಅಕ್ಷರದ ಪಾರಂಪರಿಕ ನಂಬರ್ ಪ್ಲೇಟ್ ಸಿಗುತ್ತದೆ. ತೆರಿಗೆ ವರ್ಷಕ್ಕೆ 191 ಯೂರೊ ಚಿಲ್ಲರೆ ಎಂದು ನಿಗದಿಯಾಗುತ್ತದೆ, ಹಳೆಯ ಗಾಡಿಗಳನ್ನು ಒಳಬಿಡದ ನಗರ ವಲಯಗಳಲ್ಲೂ ಓಡಾಡಬಹುದು. ಆದರೆ ಮಾಡಿದ ಬದಲಾವಣೆ ಆ ಗಾಡಿಯ ಕಾಲಕ್ಕೆ ಸಲ್ಲುವಂಥದ್ದಾಗಿರಬೇಕು. ಹೀಗಾಗಿ ಜರ್ಮನಿಯವನಿಗೆ ವಾಸರ್‌ಬಾಕ್ಸರನ್ನೇ ಕಟ್ಟಿಸಿಕೊಳ್ಳುವುದು ಲಾಭ; ಕ್ಯಾಲಿಫೋರ್ನಿಯಾದವನಿಗೆ ಸುಬಾರು ಲಾಭವಾದೀತು. ಗಾಡಿ ಒಂದೇ, ಸೋರಿಕೆಯೂ ಒಂದೇ, ಉತ್ತರ ಎರಡು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸಿಎನ್‌ಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಒಗ್ಗಿಸಿಕೊಳ್ಳಲು ನಿಯಮಬದ್ಧ ಅವಕಾಶವಿದೆ. 2019ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ತೋಟದ ಜೀಪುಗಳ ಆ ಹಳೆಯ ಸ್ವಾತಂತ್ರ್ಯಕ್ಕೆ ಇವತ್ತು ಜಾಗ ಬಹಳ ಕಿರಿದು.

ಮೂಲ ಇಂಜಿನ್ನೇ ಗಾಡಿಯ ಆತ್ಮ, ಅದನ್ನು ತೆಗೆದರೆ ಉಳಿಯುವುದು ಬರೀ ತಗಡು ಎನ್ನುವವರ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡಲಾರೆ. ವಸ್ತುಸಂಗ್ರಹಾಲಯದ ಗಾಡಿಗೆ ಅದು ಸರಿ. ಮಲಗಲು, ಅಡುಗೆ ಮಾಡಲು ಕೊಂಡ ಗಾಡಿಯ ಆತ್ಮ ಎತ್ತಿದ ಚಾವಣಿಯ ಕೆಳಗಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ, ಅದು ನನ್ನ ವಾದಕ್ಕೇ ತಾಗುವಂಥದು. ನಾಡಿನಲ್ಲಿ ಸುಲಭವಾಗಿ ಸಿಗುವ ಇಂಜಿನ್ ಎನ್ನುತ್ತೀರಿ, ಆದರೆ ನಾಡು ನಿಂತಲ್ಲಿ ನಿಲ್ಲುತ್ತದೆಯೇ? ಇಜೆ22 ಇಂಜಿನ್ನಿನ ಒಳ್ಳೆಯ ಮಾದರಿಗಳಿಗೂ ಈಗ ಮೂವತ್ತು ವರ್ಷದ ಮೇಲಾಗಿದೆ. ಹಳೆಯ ಇಂಜಿನ್ ಇಳಿಸಿ ಇನ್ನೊಂದು ಹಳೆಯ ಇಂಜಿನ್ ಕೂರಿಸಿದಂತಾಯಿತು. ಅದರ ನಂತರ ಬಂದ 2.5 ಲೀಟರಿನ ಸುಬಾರು ಇಂಜಿನ್‌ಗಳು ಹೆಡ್ ಗ್ಯಾಸ್ಕೆಟ್ ಸೋರಿಕೆಗೇ ಹೆಸರಾದವು. ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟೆವೋ ಅದೇ ಎದುರಿಗೆ ಬಂದು ನಿಂತಿತು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. 2000ನೇ ಇಸವಿಯಲ್ಲಿ ಸರಿಯಾಗಿದ್ದ ಉತ್ತರವನ್ನು ಇವತ್ತು ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ. ಇವತ್ತು ಇಜೆ22 ಕೊಳ್ಳುವವರು ಗುಜರಿಯಿಂದ ತಂದದ್ದನ್ನು ಹಾಗೆಯೇ ಕೂರಿಸದೆ ಬಿಚ್ಚಿ ಕಟ್ಟಿಸಿಯೇ ಕೂರಿಸಬೇಕು. ಆ ಖರ್ಚು ಸೇರಿಸಿದರೆ ವಾಸರ್‌ಬಾಕ್ಸರನ್ನೇ ಚೆನ್ನಾಗಿ ಕಟ್ಟಿಸುವುದಕ್ಕೂ ಇದಕ್ಕೂ ಇರುವ ಅಂತರ ಕಿರಿದಾಗುತ್ತದೆ. ಅಮೆರಿಕದಲ್ಲಿ ಮೂಲ ಇಂಜಿನ್ನನ್ನೇ ದೊಡ್ಡ ಬೋರಿಗೆ ಹಿಗ್ಗಿಸಿ, ಹೊಸ ಹೆಡ್ ಹಾಕಿ ಕಟ್ಟಿಕೊಡುವ ಅಂಗಡಿಗಳಿರುವಾಗ, ಹತ್ತು ವರ್ಷದ ಹಿಂದೆ ಸುಬಾರು ಎನ್ನುತ್ತಿದ್ದವರು ಇವತ್ತು ಎರಡು ಸಲ ಯೋಚಿಸಬೇಕು.

ಬ್ಯಾಟರಿಯ ಮಾತು ಬಂದೇ ಬರುತ್ತದೆ. 2020ರಲ್ಲಿ ಫೋಕ್ಸ್‌ವ್ಯಾಗನ್ ತೋರಿಸಿದ ಇ-ಬುಲ್ಲಿ ಎಂಬ ಮಾರ್ಪಾಡಿನಲ್ಲಿ 1966ರ ವ್ಯಾನಿಗೆ 83 ಅಶ್ವಶಕ್ತಿಯ ಮೋಟಾರನ್ನೂ 45 ಕಿಲೋವಾಟ್ ಗಂಟೆಯ ಬ್ಯಾಟರಿಯನ್ನೂ ಕೂರಿಸಿದ್ದರು. ಒಮ್ಮೆ ಚಾರ್ಜು ಮಾಡಿದರೆ 200 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ ಎಂದರು. ಅದಕ್ಕಿಂತ ಭಾರವಾದ, ಒಲೆ ಫ್ರಿಜ್ ಹೊತ್ತ ಟಿ3 ಅಷ್ಟೇ ಬ್ಯಾಟರಿಯಲ್ಲಿ ಅಷ್ಟು ದೂರ ಹೋಗಲಾರದು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ, ಊರಿಂದೂರಿಗೆ ಚಾರ್ಜರ್ ಇರುವ ಕಡೆ, ವಾರಾಂತ್ಯಕ್ಕೆ ಹೋಗಿ ಬರುವವರಿಗೆ ನಾನು ಇದನ್ನು ಬೇಡವೆನ್ನುವುದಿಲ್ಲ. ಹೊಗೆಯ ತಪಾಸಣೆಯ ತಲೆನೋವೂ ಗ್ಯಾಸ್ಕೆಟ್ಟಿನ ಚಿಂತೆಯೂ ಅಲ್ಲಿಗೆ ಮುಗಿಯುತ್ತವೆ. ನೆವಾಡದ ಒಳನಾಡಿನಲ್ಲಿ, ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೇ ನೂರು ಮೈಲಿ ಇರುವ ದಾರಿಗಳಲ್ಲಿ ಬೀಡು ಬಿಡಲು ಹೋಗುವವರು ಸದ್ಯಕ್ಕೆ ಪೆಟ್ರೋಲ್ ಇಂಜಿನ್ನನ್ನೇ ನೆಚ್ಚಿಕೊಳ್ಳಬೇಕು. ಅವರ ಇಂಜಿನ್ ಯಾವುದೇ ಇರಲಿ, ಹೊರಡುವ ಮುನ್ನ ಹೊಟ್ಟೆಯಡಿಯ ಆ ಪ್ಲಾಸ್ಟಿಕ್ ಕೊಳವೆಗಳನ್ನು ಬದಲಿಸಿಕೊಂಡೇ ಹೊರಡಲಿ.